ಗೋಡೆಯ ಮೇಲೆ ಒಂದು ಹನಿ ಖಾಡಿ

ಒಂದು ಹನಿ ನೀರಿನ ಎತ್ತರ 45 ಮಹಡಿ. ಎರಡೆರಡು ಸಲ ಗುಣಿಸಿ ನೋಡಿದ್ದೇನೆ, ಲೆಕ್ಕ ತಪ್ಪಿಲ್ಲ. ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಏಳುತ್ತಿರುವ ಟವರುಗಳ ಸಾಲಿನಲ್ಲಿ ತಂದು ನಿಲ್ಲಿಸಿದರೆ ನಮ್ಮ ಹನಿಗೂ ಎರಡು ಲಿಫ್ಟು, ಮೂರು ವಾಚ್‌ಮನ್ ಬೇಕಾಗುತ್ತಾರೆ.

ಆದದ್ದು ಇಷ್ಟೇ. ಒಂಬತ್ತನೇ ಕ್ಲಾಸಿನಲ್ಲಿರುವ ಮಗ ಐರೋಲಿಯ ದೋಣಿಕಟ್ಟೆಯಿಂದ ನೀರಿನ ಬಾಟಲಿಯಲ್ಲಿ ಥಾಣೆ ಖಾಡಿಯನ್ನು (ಒಳನಾಡಿಗೆ ಚಾಚಿದ ಸಮುದ್ರದ ತೋಳು) ತುಂಬಿಸಿಕೊಂಡು ಡೊಂಬಿವಲಿಯ ಮನೆಗೆ ಬಂದ. ಅವನ ಹತ್ತಿರ ಫೋಲ್ಡ್‌ಸ್ಕೋಪ್ ಇದೆ. ಮೀರತ್‌ನಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಪಾಠ ಹೇಳುವ ಮನು ಪ್ರಕಾಶ್ ತಮ್ಮ ವಿದ್ಯಾರ್ಥಿಯೊಬ್ಬರ ಜೊತೆ ಸೇರಿ 2014ರಲ್ಲಿ ಜಗತ್ತಿಗೆ ತೋರಿಸಿದ, ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ ಅದು. ಬಿಡಿಭಾಗಗಳ ಖರ್ಚು ಆಗ ಒಂದು ಡಾಲರಿಗಿಂತ ಕಡಿಮೆ; ಹಿಗ್ಗಿಸುವುದು 140 ಪಟ್ಟು. ಅದಕ್ಕೆ ಮೊಬೈಲ್ ಅಂಟಿಸಿ, ಮೊಬೈಲಿಗೆ ಗೆಳೆಯರಿಂದ ಎರವಲು ತಂದ ಪ್ರೊಜೆಕ್ಟರ್ ಜೋಡಿಸಿ, ಹಾಲ್‌ನ ಟ್ಯೂಬ್‌ಲೈಟ್ ಆರಿಸಿದೆವು. ಆರು ಹನಿಗಳಲ್ಲಿ ಬರೀ ಕೆಸರು. ಬಾಟಲಿಯ ತಳದಿಂದ ತೆಗೆದ ಏಳನೆಯ ಹನಿಯಲ್ಲಿ ಒಂದು ದುಂಡನೆಯ ಗಾಜಿನ ಬಿಲ್ಲೆ ತೇಲಿ ಬಂತು. ಝೂಮ್ ಎಳೆದ ಕೂಡಲೇ ಹತ್ತಡಿ ಗೋಡೆ ಪೂರಾ ಅದೇ.

"ಇದು ರವೆ ಜರಡಿ ಅಲ್ವಾ?" ಅಂದಳು ಅಮ್ಮ.

"ಅಲ್ಲ ಅಜ್ಜಿ, ಡಯಾಟಮ್, ಗಾಜಿನ ಗೂಡಿನ ಸೂಕ್ಷ್ಮಜೀವಿ. ಕಾಸಿನೋಡಿಸ್ಕಸ್ ಅಂತ ಹೆಸರು."

"ಹೆಸರು ಏನಾದ್ರೂ ಇರಲಿ ಮಗಾ, ತೂತು ಮಾತ್ರ ಒಂದೇ ಅಳತೆಗೆ ಕೊರೆದಿದ್ದಾರೆ ನೋಡು."

ಯಾರು ಕೊರೆದದ್ದು ಎಂದು ಯಾರೂ ಕೇಳಲಿಲ್ಲ. ನನಗೆ ಲೆಕ್ಕದ ಹುಚ್ಚು ಹಿಡಿದಿತ್ತು. ಆ ಬಿಲ್ಲೆಯ ನಿಜವಾದ ಅಗಲ ಸುಮಾರು 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಗೋಡೆಯ ಅಗಲ 3 ಮೀಟರ್. ಹಿಗ್ಗಿದ್ದು 30,000 ಪಟ್ಟು. ಈ ಮೂವತ್ತು ಸಾವಿರವನ್ನು ಇಟ್ಟುಕೊಂಡು ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಗುಣಿಸುತ್ತಾ ಹೋದೆ. ನಾಲ್ಕೂವರೆ ಮಿಲಿಮೀಟರಿನ ಹನಿ 135 ಮೀಟರ್ ಆಯಿತು, ಅದೇ ಆ 45 ಮಹಡಿ. ಆರು ಮಿಲಿಮೀಟರ್ ಉದ್ದದ ಅಕ್ಕಿಕಾಳು 180 ಮೀಟರ್: ಗುಜರಾತಿನ ಸರ್ದಾರ್ ಪಟೇಲರ ಪ್ರತಿಮೆಗಿಂತ ಎರಡೇ ಮೀಟರ್ ಗಿಡ್ಡ. ತಲೆಗೂದಲಿನ ದಪ್ಪ ಸುಮಾರು ಎರಡೂವರೆ ಮೀಟರ್, ಒಳಗೆ ಸುರಂಗ ಕೊರೆದು ಆಟೊರಿಕ್ಷಾ ಓಡಿಸಬಹುದು. ಬ್ಯಾಕ್ಟೀರಿಯಾ ನಿಂಬೆಹಣ್ಣಿನಷ್ಟು, ವೈರಸ್ ಎಳ್ಳುಕಾಳಿನಷ್ಟು. ಐದಡಿ ಮೂರಂಗುಲದ ಅಮ್ಮ? 48 ಕಿಲೋಮೀಟರ್! ಸಿಎಸ್‌ಎಂಟಿಯಿಂದ ಡೊಂಬಿವಲಿಗೆ ರೈಲು ಹಳಿಯ ದೂರ ಸರಿಸುಮಾರು ಅಷ್ಟೇ. ತಲೆ ಡೊಂಬಿವಲಿಯಲ್ಲಿ, ಎದೆ ಥಾಣೆಯಲ್ಲಿ, ಹೊಕ್ಕುಳು ನಾಹೂರಿನ ಆಸುಪಾಸು, ಮಂಡಿ ಸಾಯನ್ ಹತ್ತಿರ, ಪಾದ ಸಿಎಸ್‌ಎಂಟಿಯ ಪ್ಲಾಟ್‌ಫಾರ್ಮಿನಲ್ಲಿ. ಫಾಸ್ಟ್ ಲೋಕಲ್ ಹಿಡಿದರೂ ತಲೆಯಿಂದ ಕಾಲಿಗೆ ಒಂದು ತಾಸು. "ಮಂಡಿನೋವಿಗೆ ಮುಲಾಮು ಹಚ್ಚಲು ಯಾರು ಹೋಗ್ತೀರಿ?" ಎಂದು ಅಮ್ಮ ಕೇಳಿದಳು.

ಹೀಗೆ ಸಣ್ಣದನ್ನು ದೊಡ್ಡದು ಮಾಡಿ ಕತ್ತಲೆಯಲ್ಲಿ ಕೂತು ನೋಡುವ ಚಾಳಿ ನಮ್ಮ ಮನೆಯಲ್ಲೇನೂ ಹುಟ್ಟಿದ್ದಲ್ಲ. ಜರ್ಮನಿಯ ಅರ್ನ್ಸ್ಟ್ ಹೆಕೆಲ್ 19ನೇ ಶತಮಾನದಲ್ಲಿ, ಚಾಲೆಂಜರ್ ಹಡಗು ಸಮುದ್ರದ ತಳದಿಂದ ಬಾಚಿ ತಂದ ರೇಡಿಯೊಲೇರಿಯಾ ಎಂಬ ಗಾಜಿನ ಗೂಡಿನ ಸೂಕ್ಷ್ಮಜೀವಿಗಳನ್ನು ಹತ್ತು ವರ್ಷ ಕೂತು ನೋಡಿದ. ಹೊಸದಾಗಿ ಹೆಸರಿಟ್ಟ ಜಾತಿಗಳು 3,500ಕ್ಕೂ ಹೆಚ್ಚು, ಚಿತ್ರಫಲಕಗಳು 140. ಹತ್ತು ವರ್ಷಕ್ಕೆ ದಿನಗಳು 3,650. ಅಂದರೆ ಹೆಚ್ಚುಕಡಿಮೆ ದಿನಕ್ಕೊಂದು ನಾಮಕರಣ, ಭಾನುವಾರದ ರಜೆಯೂ ಇಲ್ಲದೆ. ಪ್ಯಾರಿಸಿನ ವೈದ್ಯ ಝಾನ್ ಕೊಮಾಂದೋ 1909ರಲ್ಲಿ ರೋಗಾಣುಗಳು ಜೀವಂತವಾಗಿ ಹೊರಳಾಡುವ ಸಿನಿಮಾವನ್ನು ವಿಜ್ಞಾನ ಅಕಾಡೆಮಿಯ ಪರದೆಗೆ ತಂದ. ಲಂಡನ್ನಿನ ಪರ್ಸಿ ಸ್ಮಿತ್ 1910ರಲ್ಲಿ ಹೂವು ಅರಳುವುದನ್ನು ಪರದೆಯ ಮೇಲೆ ನಿಮಿಷಗಳೊಳಗೆ ಮುಗಿಸಿದ. ರಾತ್ರಿಯಿಡೀ ಓಡುವ ಕ್ಯಾಮೆರಾ ಕೈಕೊಟ್ಟರೆ ಎಚ್ಚರಿಸಲೆಂದು ಮನೆಯಲ್ಲಿ ಗಂಟೆಗಳನ್ನು ಕಟ್ಟಿಕೊಂಡು ಮಲಗುತ್ತಿದ್ದನಂತೆ. ಅವನು ತೀರಿಕೊಂಡದ್ದು 1945ರಲ್ಲಿ. 71 ವರ್ಷದ ಮೇಲೆ, 2016ರಲ್ಲಿ, ಟಿಂಡರ್‌ಸ್ಟಿಕ್ಸ್ ಎಂಬ ಸಂಗೀತ ತಂಡದ ಸ್ಟುವರ್ಟ್ ಸ್ಟೇಪಲ್ಸ್ ಆ ಹಳೆಯ ರೀಲುಗಳನ್ನು ಹೊಸದಾಗಿ ಜೋಡಿಸಿ ಅವಕ್ಕೆ ಸಂಗೀತ ಕೂರಿಸಿದ. ಫ್ರಾನ್ಸಿನ ಝಾನ್ ಪೆನ್ಲೆವೆ ತೆಗೆದ ವಿಜ್ಞಾನ ಚಿತ್ರಗಳೋ, 200ಕ್ಕೂ ಮಿಕ್ಕಿ! ಅವುಗಳಲ್ಲಿ ಎಂಟಕ್ಕೆ 2001ರಲ್ಲಿ ಯೋ ಲಾ ಟೆಂಗೊ ತಂಡ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಂಗೀತ ನುಡಿಸಿತು. ಚಿತ್ರ ತೆಗೆದವನು ಒಂದು ಶತಮಾನದಲ್ಲಿ, ವಾದ್ಯ ಹಿಡಿದವರು ಇನ್ನೊಂದರಲ್ಲಿ. ಇಷ್ಟು ಉದ್ದದ ಜುಗಲ್‌ಬಂದಿ ನಮ್ಮ ಹಿಂದುಸ್ತಾನಿಯವರೂ ನಡೆಸಿದ್ದಿಲ್ಲ.

ನಮ್ಮ ದೇಶದಲ್ಲಿ ಕಲಾವಿದೆ ರೋಹಿಣಿ ದೇವಶೇರ್ ಇದ್ದಾರೆ. ಅವರು ವಿಡಿಯೊ ಕ್ಯಾಮೆರಾವನ್ನು ಅದರದೇ ಟೀವಿಗೆ ಎದುರಾಗಿ ನಿಲ್ಲಿಸುತ್ತಾರೆ. ಕನ್ನಡಿಗೆ ಕನ್ನಡಿ ಹಿಡಿದ ಹಾಗೆ. ಬಿಂಬದೊಳಗೆ ಬಿಂಬ ನುಗ್ಗಿ ಪರದೆಯ ಮೇಲೆ ಯಾರೂ ಬಿತ್ತದ ಮರ, ಯಾರೂ ಹೆರದ ಜೀವಿ ಮೂಡಿ ಬರುತ್ತದೆ. ಇತ್ತ ಥಾಣೆಯಲ್ಲೇ, ಚೆಂದಣಿ ಕೋಳಿವಾಡದ ಪರಾಗ್ ತಾಂಡೇಲ್ ಖಾಡಿಯನ್ನೂ ಮೀನನ್ನೂ ತಮ್ಮ ಜನರ ನೆನಪನ್ನೂ ಶಿಲ್ಪವಾಗಿಸುತ್ತಾರೆ. (ಕೋಳಿವಾಡ ಎಂದೊಡನೆ ಊರಿಂದ ಹೊಸದಾಗಿ ಬಂದ ಕನ್ನಡಿಗರು ಹುಂಜ, ಹೇಂಟೆ ಹುಡುಕುವುದುಂಟು. ಅದು ಬೆಸ್ತರ ಕೇರಿ.)

ಇಷ್ಟರವರೆಗೆ ಕಣ್ಣಿನ ಮಾತು. ಕಿವಿಯ ಲೆಕ್ಕ ಇದಕ್ಕಿಂತ ಹುಚ್ಚು.

ವಡಾಪಾವಿನ ಪಾವ್ ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದರ ಕೋಶದ ಗೋಡೆ ಸುಮ್ಮನಿರುವುದಿಲ್ಲ. ಸೆಕೆಂಡಿಗೆ ಹೆಚ್ಚುಕಡಿಮೆ 1,000 ಸಲ ನಡುಗುತ್ತದೆ. ಇದನ್ನು ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಗಿಮ್ಝೆವ್‌ಸ್ಕಿ, ಆಂಡ್ರ್ಯೂ ಪೆಲ್ಲಿಂಗ್ ಮತ್ತು ಸಂಗಡಿಗರು ಅಳೆದು 2004ರಲ್ಲಿ ಪ್ರಕಟಿಸಿದರು. ಸೊಳ್ಳೆಯ ರೆಕ್ಕೆ ಬಡಿಯುವುದು ಸೆಕೆಂಡಿಗೆ ಐನೂರು ಸಲದ ಆಸುಪಾಸು. ಯೀಸ್ಟ್ ಅದಕ್ಕಿಂತ ಎರಡು ಪಟ್ಟು ಚುರುಕು. ಬಿಸಿ ಹೆಚ್ಚಿದಂತೆ ನಡುಕವೂ ಹೆಚ್ಚುತ್ತದೆ: ತಣ್ಣಗಿದ್ದಾಗ 800ರ ಆಚೀಚೆ, 30 ಡಿಗ್ರಿಗೆ 1,600ರ ಹತ್ತಿರ. ಅಂದರೆ ಥಾಣೆಯ ಮೇ ತಿಂಗಳಲ್ಲಿ ಪಾವ್‌ನ ಹಿಟ್ಟು ತಾರಸ್ಥಾಯಿಯಲ್ಲೇ ಹಾಡಿಕೊಂಡಿರುತ್ತದೆ. ಬೇಕರಿಯವರು ಬಳಸುವ ಹಸಿ ಯೀಸ್ಟ್‌ನಲ್ಲಿ ಗ್ರಾಮಿಗೆ ಸುಮಾರು 1,000 ಕೋಟಿ ಕೋಶ. ಒಂದೊಂದೂ ಸಾವಿರ ಸಲ ಅಂದರೆ ಸೆಕೆಂಡಿಗೆ 10 ಲಕ್ಷ ಕೋಟಿ ಕಂಪನ, ಒಂದೇ ಗ್ರಾಮಿನಲ್ಲಿ! ಹತ್ತಿರ ಕಿವಿಯಿಟ್ಟರೆ ನಿಶ್ಶಬ್ದ. ಏಕೆಂದರೆ ಪ್ರತಿ ನಡುಕದ ಉದ್ದ 3 ನ್ಯಾನೋಮೀಟರ್ ಮಾತ್ರ, ಒಂದು ಕೂದಲಿನ ದಪ್ಪವನ್ನು ಇಪ್ಪತ್ತಾರು ಸಾವಿರ ಸೀಳು ಮಾಡಿದರೆ ಸಿಗುವಷ್ಟು. ನಮ್ಮ ಗೋಡೆಗೆ ತಂದು, ಅಮ್ಮನನ್ನು ಸಿಎಸ್‌ಎಂಟಿವರೆಗೆ ಹಿಗ್ಗಿಸಿದ ಆ 30,000ದಿಂದಲೇ ಗುಣಿಸಿದರೂ ಕಾಣುವ ನಡುಕ ಒಂದು ಕಾಗದದ ದಪ್ಪ. ಕಣ್ಣು ಕೈಚೆಲ್ಲುವ ಜಾಗ ಇದು. ಪೆಲ್ಲಿಂಗ್ ಮತ್ತು ಕಲಾವಿದೆ ಆನ್ ನಿಮೆಟ್ಝ್ ಅದೇ 2004ರಲ್ಲಿ ಕೋಶದ ಸದ್ದನ್ನೂ ಕೋಶದ ಚಿತ್ರವನ್ನೂ ಒಟ್ಟಿಗೆ ಕೂಡಿಸಿ 'ಡಾರ್ಕ್ ಸೈಡ್ ಆಫ್ ದ ಸೆಲ್' ಎಂಬ ಕಲಾಕೃತಿ ಮಾಡಿದರು. ನಾನು ಮೊಬೈಲಿನಲ್ಲಿ 1,000 ಹರ್ಟ್ಝ್‌ನ ಸ್ವರ ಹಾಕಿ ತೋರಿಸಿದೆ. ಹಿಂದೆ ಟೀವಿಯಲ್ಲಿ ಬಣ್ಣದ ಪಟ್ಟೆಗಳ ಜೊತೆ 'ಕೂಂ' ಎಂದು ಬರುತ್ತಿತ್ತಲ್ಲ, ಆ ಜಾತಿಯ ಸದ್ದು. ಹತ್ತು ಸೆಕೆಂಡಿಗೆ ಅಡುಗೆಮನೆಯಿಂದ ಹೆಂಡತಿಯ ಆಜ್ಞೆ ಬಂತು: "ರೀ, ಅದನ್ನ ನಿಲ್ಲಿಸ್ತೀರೋ ಇಲ್ವೋ!"

ಯೀಸ್ಟ್ ಕೊನೆಗೂ ದೊಡ್ಡ ಪ್ರಾಣಿ. 2022ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನವರು ಒಂದೇ ಒಂದು ಬ್ಯಾಕ್ಟೀರಿಯಾದ ಸದ್ದು ಕೇಳಿಸಿಕೊಂಡರು. ಅದಕ್ಕೆ ಅವರು ಕಟ್ಟಿದ ಡೋಲಿನ ಅಗಲ 8 ಮೈಕ್ರಾನ್, ಚರ್ಮದ ಬದಲು ಗ್ರಾಫೀನ್, ಅದರ ದಪ್ಪ ಒಂದು ನ್ಯಾನೋಮೀಟರಿಗಿಂತ ಕಡಿಮೆ. ಅದರ ಮೇಲೆ ಬ್ಯಾಕ್ಟೀರಿಯಾ ಬಾಲ ಬಡಿಯಿತು. ಆ ಪೆಟ್ಟಿನ ಬಲ, ಮುಷ್ಟಿಕಾಳಗದವನು ಮೂಟೆಗೆ ಗುದ್ದುವ ಬಲದ 1,000 ಕೋಟಿಯ ಒಂದು ಪಾಲು. ಈಗ ಗೋಡೆಯ ಲೆಕ್ಕಕ್ಕೆ ಬನ್ನಿ: 8 ಮೈಕ್ರಾನ್ ಗುಣಿಸು 30,000 ಅಂದರೆ 24 ಸೆಂಟಿಮೀಟರ್. ಒಂದು ಗೇಣು ಚಿಲ್ಲರೆ, ಯಕ್ಷಗಾನದ ಚೆಂಡೆಯ ಮುಖದಷ್ಟು! ಬಡಿಯುವವನು ಮಾತ್ರ ನಿಂಬೆಹಣ್ಣಿನ ಗಾತ್ರದವನು. ಡೊಂಬಿವಲಿಯಲ್ಲಿ ಎಷ್ಟೋ ಮೇಳಗಳ ಆಟ ನೋಡಿದ್ದೇವೆ, ಇಂಥ ಚೆಂಡೆಯವರನ್ನು ಕಂಡದ್ದಿಲ್ಲ.

ಗದ್ದಲವೇ ಬೇಕೆಂದರೆ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಬಾಳುವ ಚಿಟಿಕೆ ಸೀಗಡಿ ಇದೆ. ಬೆರಳುದ್ದದ ಪ್ರಾಣಿ, ಸದ್ದಿನ ಜೊತೆ ಬೆಂಕಿಯೂ ಉಂಟು. ಅದು ಕೊಂಡಿ ಚಿಟಿಕೆ ಹೊಡೆದಾಗ ಹುಟ್ಟುವ ಗುಳ್ಳೆಯೊಳಗೆ ಒಂದು ಕ್ಷಣ 4,700 ಡಿಗ್ರಿ ಮೀರಿದ ಶಾಖ. ಸೂರ್ಯನ ಮೇಲ್ಮೈ 5,500. ಗುಳ್ಳೆ ಒಡೆದಾಗ ಮಿನುಗುವ ಬೆಳಕಿನ ಆಯುಷ್ಯ ಒಂದು ಸೆಕೆಂಡಿನ ಹತ್ತು ಕೋಟಿಯ ಒಂದು ಪಾಲಿಗಿಂತ ಕಡಿಮೆ. ವಿಡಿಯೊದ ಒಂದು ಫ್ರೇಮ್‌ನೊಳಗೆ ಅಂಥ 40 ಲಕ್ಷ ಮಿಂಚುಗಳು ಸಾಲಾಗಿ ಕೂರುತ್ತವೆ.

ಮೂಗನ್ನೂ ಬಿಡಲಿಲ್ಲ ನಮ್ಮವರು. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು, ಯಶಸ್ ಶೆಟ್ಟಿಯವರ ಮಾರ್ಗದರ್ಶನದಲ್ಲಿ, ಬ್ಯಾಕ್ಟೀರಿಯಾದಿಂದ ಮೊದಲ ಮಳೆಯ ಮಣ್ಣಿನ ವಾಸನೆ ಹೊರಡಿಸುವ ಕೆಲಸವನ್ನು ಅಮೆರಿಕದ ಐಜೆಮ್ ಸ್ಪರ್ಧೆಗೆ ಒಯ್ದರು. ವಿಜ್ಞಾನದ ಹುಡುಗರ ನಡುವೆ ಚಿತ್ರ ಬರೆಯುವ ಹುಡುಗರು! ಆ ವಾಸನೆಯ ಹೆಸರು ಜಿಯೋಸ್ಮಿನ್. ಒಂದು ಲಕ್ಷ ಕೋಟಿ ಪಾಲಿನಲ್ಲಿ ಐದು ಪಾಲು ಇದ್ದರೂ ಮನುಷ್ಯನ ಮೂಗು ಹಿಡಿಯುತ್ತದೆ. ಅಂದರೆ ಒಂದು ಟೀಚಮಚದಷ್ಟನ್ನು 100 ಕೋಟಿ ಲೀಟರ್ ನೀರಿಗೆ ಬೆರೆಸಿದರೂ ಮಳೆ ಬಂದಂತೆ ಅನ್ನಿಸುತ್ತದೆ. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಅಷ್ಟು ನೀರು ತರಿಸಲು ಟ್ಯಾಂಕರು 1 ಲಕ್ಷ ಬೇಕು. ಬೇಸಗೆಯಲ್ಲಿ ಒಂದೇ ಒಂದು ಟ್ಯಾಂಕರಿಗೆ ಫೋನು ಮಾಡಿ ಕಾದವರಿಗೆ ಈ ಸಂಖ್ಯೆಯ ಬೆಲೆ ಗೊತ್ತು.

ಈಗ ತಲೆ ಎಣಿಕೆ. ಸಾಮಾನ್ಯ ಸಮುದ್ರದ ನೀರಿನಲ್ಲಿ ಮಿಲಿಲೀಟರಿಗೆ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ, ಅದರ ಹತ್ತು ಪಟ್ಟು ವೈರಸ್. ನಮ್ಮ ಒಂದು ಹನಿಯಲ್ಲಿ 50,000 ಬ್ಯಾಕ್ಟೀರಿಯಾ: ನೆರೂಳಿನ ಡಿ. ವೈ. ಪಾಟೀಲ್ ಸ್ಟೇಡಿಯಂ ಹತ್ತಿರ ಹತ್ತಿರ ಹೌಸ್‌ಫುಲ್. ಒಂದು ಮಿಲಿಲೀಟರಿನಲ್ಲಿ ನವಿಮುಂಬಯಿ ನಗರಪಾಲಿಕೆಗೆ ಸಮೀಪ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 11.2 ಲಕ್ಷ. ಆ ಒಂದು ಮಿಲಿಲೀಟರಿಗೆ ಇನ್ನೊಂದು ಕಾಲು ಸೇರಿಸಿ, ಕಲ್ಯಾಣ್–ಡೊಂಬಿವಲಿ ಸಿಕ್ಕಿತು. ಎರಡಕ್ಕೆ ಸ್ವಲ್ಪ ಕಡಿಮೆ ಹಿಡಿದರೆ ಥಾಣೆ ನಗರ. ಕಟಿಂಗ್ ಚಹಾದ ಗ್ಲಾಸಿನಲ್ಲಿ 60 ಮಿಲಿಲೀಟರ್ ತೆಗೆದುಕೊಳ್ಳಿ, 6 ಕೋಟಿ! ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕ ಆ ಗ್ಲಾಸಿನಲ್ಲಿ ಇಳಿಯಿತು. ಒಂದು ಲೀಟರ್ ಬಾಟಲಿಯಲ್ಲಿ 100 ಕೋಟಿ ಬ್ಯಾಕ್ಟೀರಿಯಾ, 1,000 ಕೋಟಿ ವೈರಸ್. ಭೂಮಿಯ ಮೇಲಿರುವ ಮನುಷ್ಯರೆಲ್ಲ ಸೇರಿದರೂ ಎಂಟುನೂರು ಚಿಲ್ಲರೆ ಕೋಟಿ. ನನ್ನ ಮಗ ಆ ಬಾಟಲಿಯನ್ನು ಶಾಲೆಯ ಬ್ಯಾಗಿನ ಪಕ್ಕದ ಜೇಬಿನಲ್ಲಿಟ್ಟುಕೊಂಡು ಸ್ಲೋ ಲೋಕಲ್‌ನಲ್ಲಿ ನಿಂತುಕೊಂಡು ಬಂದಿದ್ದ. ಬೋಗಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ.

ಈ ಬ್ಯಾಕ್ಟೀರಿಯಾಗಳು ಹೆಚ್ಚುವ ವೇಗವೋ, ಕೇಳಬೇಡಿ. ಪ್ರಯೋಗಾಲಯದ ಇ-ಕೋಲೈ ಬ್ಯಾಕ್ಟೀರಿಯಾ ಹೊಟ್ಟೆತುಂಬ ಊಟ ಸಿಕ್ಕರೆ 20 ನಿಮಿಷಕ್ಕೆ ಎರಡಾಗುತ್ತದೆ. ತೂಕ ಒಂದು ಗ್ರಾಮಿನ ಲಕ್ಷ ಕೋಟಿಯ ಒಂದು ಪಾಲು. ಶುಕ್ರವಾರ ಸಂಜೆ 6ಕ್ಕೆ ಒಂದೇ ಒಂದನ್ನು ಬಿಟ್ಟು ಮಲಗಿ. ಶನಿವಾರ ಬೆಳಿಗ್ಗೆ ಹತ್ತೂವರೆಗೆ ಒಂದು ಕಿಲೋ. ಇಷ್ಟೇನಾ ಎನ್ನಬೇಡಿ. ಮಧ್ಯಾಹ್ನ ಎರಡೂಮುಕ್ಕಾಲಿಗೆ, ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ, ಐದೂವರೆ ಟನ್ ದಾಟಿದ್ದ ನಮ್ಮ ಅರ್ಜುನನ ತೂಕ. ಸಂಜೆ ಆರಕ್ಕೆ 4,700 ಟನ್, ಎಂಟುನೂರಕ್ಕೂ ಹೆಚ್ಚು ಅರ್ಜುನರು. ಭಾನುವಾರ ನಡು ಮಧ್ಯಾಹ್ನ 12ಕ್ಕೆ ಚಂದ್ರ. 2 ಗಂಟೆಗೆ, ನಾವು ಊಟ ಮುಗಿಸಿ ಎಲೆಯಡಿಕೆ ಹಾಕುವ ಹೊತ್ತಿಗೆ, ಭೂಮಿಯ ತೂಕ! ಪುಣ್ಯಕ್ಕೆ ಅದಕ್ಕೆ ಊಟ ಅಷ್ಟು ಹೊತ್ತು ಸಿಗುವುದಿಲ್ಲ. ಆ 44 ತಾಸನ್ನು ವಿಡಿಯೊ ಮಾಡಿದರೆ 39,60,000 ಫ್ರೇಮ್‌ಗಳು. ಪರ್ಸಿ ಸ್ಮಿತ್‌ನಂತೆ ಇಪ್ಪತ್ತು ನಿಮಿಷಕ್ಕೊಂದು ಫ್ರೇಮ್ ಹಿಡಿದರೆ ಬರೀ 132. ಓಡಿಸಿದರೆ ಐದು ಸೆಕೆಂಡು ಚಿಲ್ಲರೆ. ಒಂದು ಸೀನು ಬಂದು ಹೋಗುವುದರೊಳಗೆ ಶೂನ್ಯದಿಂದ ಭೂಮಂಡಲ.

ಖಾಡಿಯನ್ನೇ ಪೂರ್ತಿ ತೆಗೆದುಕೊಂಡರೆ? 2022ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಥಾಣೆ ಖಾಡಿಯ ವಿಸ್ತೀರ್ಣ 6,521 ಹೆಕ್ಟೇರ್. ಬೆಂಗಳೂರಿನ 240 ಎಕರೆಯ ಲಾಲ್‌ಬಾಗ್ ಅದರೊಳಗೆ 67 ಸಲ ಹಿಡಿಸುತ್ತದೆ. ಖಾಡಿಗೆ ರಾಜಹಂಸಗಳು ಬರುತ್ತವೆ. 2019ರ ಜನವರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಎಣಿಸಿದಾಗ ಸುಮಾರು 1.2 ಲಕ್ಷ ಇದ್ದವು. ವಾಶಿ ಸೇತುವೆಯ ಮೇಲೆ ಲೋಕಲ್ ಓಡುವಾಗ ಬಾಗಿಲಲ್ಲಿ ಜೋತವರು ಕೂಡ ಮೊಬೈಲ್ ಬಿಟ್ಟು ಆ ಗುಲಾಬಿ ಪಟ್ಟೆಯನ್ನು ನೋಡುತ್ತಾರೆ. ಬಂದವರಲ್ಲಿ ಹೆಚ್ಚಿನವರು ಕಿರು ರಾಜಹಂಸಗಳು, ಅವರ ಊಟವೇ ನಮ್ಮ ಗೋಡೆಯ ಮೇಲಿನ ಬಳಗ, ಪಾಚಿಕಣ ಮತ್ತು ಡಯಾಟಮ್. ಆಫ್ರಿಕಾದ ಸರೋವರಗಳಲ್ಲಿ ಹಾಕಿದ ಲೆಕ್ಕದ ಪ್ರಕಾರ ಒಂದು ಹಕ್ಕಿಗೆ ದಿನಕ್ಕೆ 60 ಗ್ರಾಂ ಒಣ ಪಾಚಿ ಬೇಕು. ಅದೇ ಹಸಿವನ್ನು ಇಲ್ಲಿಗೂ ಹಚ್ಚಿದರೆ ದಿನಕ್ಕೆ 7,200 ಕಿಲೋ. ದಸರೆಯ ಚಿನ್ನದ ಅಂಬಾರಿಯ ತೂಕ 750 ಕಿಲೋ. ಹತ್ತಿರ ಹತ್ತಿರ ಹತ್ತು ಅಂಬಾರಿ ತೂಗುವ ಊಟ, ಪ್ರತಿದಿನ, ಕಣ್ಣಿಗೇ ಕಾಣದ ಕಾಳುಗಳಿಂದ! ಅಷ್ಟು ತಿಂದ ಮೇಲೂ ಖಾಡಿ ಖಾಲಿಯಾಗುವುದಿಲ್ಲ.

ಆಗದಿರುವುದಕ್ಕೆ ಈ ಲೆಕ್ಕ ನೋಡಿ. ರೈಲು ಟಿಕೆಟಿನ ಹಿಂಬದಿಯಲ್ಲಿ ಹಾಕಿದ್ದು. ಖಾಡಿಯ ರಾಜಹಂಸ ಅಭಯಾರಣ್ಯದಲ್ಲಿ ಬರೀ ನೀರಿನ ಹರವು 794 ಹೆಕ್ಟೇರ್. ಆಳ ಒಂದೇ ಮೀಟರ್ ಎಂದು ಜಿಪುಣತನದಿಂದ ಹಿಡಿಯಿರಿ. ಮಿಲಿಲೀಟರಿಗೆ ಹತ್ತು ಲಕ್ಷದಂತೆ ಬ್ಯಾಕ್ಟೀರಿಯಾ, ಒಂದೊಂದರ ಉದ್ದ ಒಂದು ಮೈಕ್ರಾನ್. ಎಲ್ಲವನ್ನೂ ಒಂದರ ಹಿಂದೆ ಒಂದು ಸಾಲು ನಿಲ್ಲಿಸಿದರೆ ಸುಮಾರು 800 ಕೋಟಿ ಕಿಲೋಮೀಟರ್. ಭೂಮಿಗೆ 2 ಲಕ್ಷ ಸುತ್ತು. ಸೂರ್ಯನ ಮನೆಗೆ 26 ಸಲ ಹೋಗಿ ಬರಬಹುದು. ಅಥವಾ ಸೂರ್ಯನಿಂದ ನೇರ ಹೊರಟರೆ ಸರತಿ ಸಾಲು ಪ್ಲೂಟೊವನ್ನೂ ದಾಟಿ ಆಚೆ ನಿಲ್ಲುತ್ತದೆ. ಬೆಳಕೇ ಆ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಲು ಏಳು ತಾಸು ತೆಗೆದುಕೊಳ್ಳುತ್ತದೆ. ಇದು ಐರೋಲಿಯ ಆಸುಪಾಸಿನ ಒಂದು ತುಂಡು ನೀರು.

ಎಲ್ಲ ಸಾಗರಗಳೂ ಸೇರಿದರೆ ವೈರಸ್‌ಗಳು ಒಂದರ ಮುಂದೆ ಮೂವತ್ತು ಸೊನ್ನೆ ಎಂಬುದು ವಿಜ್ಞಾನಿಗಳ ಅಂದಾಜು. ನೂರು ಕೋಟಿ ಕೋಟಿ ಕೋಟಿ ಕೋಟಿ. ಸಾಲು ನಿಲ್ಲಿಸಿದರೆ ಉದ್ದ 1 ಕೋಟಿ ಬೆಳಕಿನ ವರ್ಷ. ಪಕ್ಕದ ದೊಡ್ಡ ಗೆಲಾಕ್ಸಿ ಆಂಡ್ರೊಮಿಡಾ 25 ಲಕ್ಷ ಬೆಳಕಿನ ವರ್ಷ ದೂರ. ಹೋಗಿ ಬಂದು, ಏನೋ ಮರೆತು ಮತ್ತೆ ಹೋಗಿ ಬರಬಹುದು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಗ ಕೇಳಿದ: "ಪಪ್ಪಾ, ಆ ಸಾಲನ್ನೇ ನಮ್ಮ ಗೋಡೆ ಮೇಲೆ ಹಾಕಿದ್ರೆ?" ಗೋಡೆಯ ಅಳತೆ ಮೂವತ್ತು ಸಾವಿರ. ಒಂದು ಕೋಟಿ ಗುಣಿಸು ಮೂವತ್ತು ಸಾವಿರ ಅಂದರೆ 30,000 ಕೋಟಿ ಬೆಳಕಿನ ವರ್ಷ. ದೂರದರ್ಶಕಕ್ಕೆ ಎಟಕುವ ಇಡೀ ವಿಶ್ವದ ಅಡ್ಡಗಲವೇ 9,300 ಕೋಟಿ ಬೆಳಕಿನ ವರ್ಷ. ಎಳ್ಳುಕಾಳು ಗಾತ್ರದ ವೈರಸ್‌ಗಳ ಆ ಚಿತ್ರವನ್ನು ತೂಗುಹಾಕಲು ಮೂರು ವಿಶ್ವಗಳನ್ನು ಪಕ್ಕಪಕ್ಕ ನಿಲ್ಲಿಸಬೇಕು, ಆಗಲೂ ಅಂಚು ಹೊರಗೆ ಉಳಿಯುತ್ತದೆ. ನಮ್ಮದು ಒನ್ ಬಿಎಚ್‌ಕೆ.

ಅಷ್ಟರಲ್ಲಿ ಪ್ರೊಜೆಕ್ಟರ್ ಕಾದು ಸುಟ್ಟ ವಾಸನೆ ಬರತೊಡಗಿತು. ಗೋಡೆಯ ಜರಡಿ ಅಲುಗಾಡಿ ಮಸುಕಾಯಿತು. ಫ್ಯಾನಿನ ಗಾಳಿಗೆ ಹನಿ ಒಣಗಿತ್ತು. ಅಮ್ಮ ಗಾಜಿನ ಪಟ್ಟಿಯನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, "ಎಂತದೂ ಇಲ್ಲ ಇದರಲ್ಲಿ" ಎಂದು ಸೆರಗಿನ ತುದಿಯಿಂದ ಒರೆಸಿದಳು. ಐವತ್ತು ಸಾವಿರ ಬ್ಯಾಕ್ಟೀರಿಯಾ, ಐದು ಲಕ್ಷ ವೈರಸ್, ಒಂದು ರವೆ ಜರಡಿ.